ಅರ್ಜಿ ಹಾಕಿಯಾಯಿತು, ಉತ್ತರ ಬಂದಿಲ್ಲ: ನಡುವಿನ ತಿಂಗಳುಗಳನ್ನು ಕಳೆಯುವ ಬಗೆ

ಡಿಸೆಂಬರ್ ಮುಗಿಯುವ ಹೊತ್ತಿಗೆ ಮೈಸೂರಿನ ಕಾಲೇಜುಗಳಲ್ಲಿ ಒಂದು ಗುಂಪು ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಉನ್ನತ ಓದಿಗೆಂದು ಎಸ್‌ಒಪಿ (ಏನು ಓದಬೇಕು, ಏಕೆ ಎಂದು ಅರ್ಜಿಯ ಜೊತೆ ಕೊಡುವ ಬರಹ) ಬರೆದು, ತಿದ್ದಿ, ಮತ್ತೆ ಬರೆದು, ಮೇಷ್ಟರುಗಳ ಹಿಂದೆ ಬಿದ್ದು ಶಿಫಾರಸು ಪತ್ರ ಹಾಕಿಸಿ, ಅಪ್ಪನ ಕಾರ್ಡಿನಿಂದ ಅರ್ಜಿ ಶುಲ್ಕ ಕಟ್ಟಿ ಮುಗಿಸಿದವರ ಗುಂಪು ಅದು. ಆ ನಿರಾಳ ಹೆಚ್ಚೆಂದರೆ ಸಂಕ್ರಾಂತಿಯ ತನಕ. ಎಳ್ಳು ಬೀರಲು ಹೋದ ಮನೆಯಲ್ಲಿ ಯಾರೋ "ಎಲ್ಲಿಗೆ ಬಂತು ನಿನ್ನ ಅಮೆರಿಕ?" ಎಂದು ಕೇಳುತ್ತಾರೆ. ಅಲ್ಲಿಂದ ಶುರುವಾಗುತ್ತದೆ: ನನ್ನ ಯೋಗ್ಯತೆಗೆ ಇದೆಲ್ಲ ಬೇಕಿತ್ತೇ, ಎಸ್‌ಒಪಿಯಲ್ಲಿ ಆ ಸಾಲು ಬರೆಯಬಾರದಿತ್ತು, ಮೂರನೆಯ ಸೆಮಿಸ್ಟರಿನ ಅಂಕ ನೋಡಿಯೇ ಪಕ್ಕಕ್ಕೆ ಇಟ್ಟಿರುತ್ತಾರೆ.

ಪಾಠ ಮಾಡುವವನಾದ್ದರಿಂದ ಪ್ರತಿ ವರ್ಷವೂ ಒಂದಷ್ಟು ಶಿಫಾರಸು ಪತ್ರ ಬರೆಯುತ್ತೇನೆ. ಪತ್ರ ಹೋದ ಮೇಲೆ ಬರೆಸಿಕೊಂಡವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ನಿರಾಕರಣೆ ಬಂದವರು ನಾಲ್ಕು ದಿನ ಮಂಕಾಗಿದ್ದು ಮೇಲೇಳುತ್ತಾರೆ. ಯಾವ ಉತ್ತರವೂ ಬಾರದವರೇ ಹೆಚ್ಚು ನಲುಗುತ್ತಾರೆ. ಸುದ್ದಿ ಇಲ್ಲದ ಕಡೆ ಮನಸ್ಸು ತನ್ನದೇ ತೀರ್ಪು ಬರೆದುಕೊಳ್ಳುತ್ತದೆ, ಆ ತೀರ್ಪು ಯಾವಾಗಲೂ ನಮ್ಮ ವಿರುದ್ಧವೇ ಇರುತ್ತದೆ. ಹಾಗೆ ಬರೆದುಕೊಳ್ಳದಂತೆ ಈ ತಿಂಗಳುಗಳನ್ನು ಕಳೆಯುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ವಿದೇಶಕ್ಕೆ ಅರ್ಜಿ ಹಾಕಿದವರಿಗೂ ಇಲ್ಲಿಯೇ ಎಂಟೆಕ್‌ಗೆ ಗೇಟ್, ಎಂಎಸ್ಸಿಗೆ ಜಾಮ್ ಪ್ರವೇಶ ಪರೀಕ್ಷೆ ಬರೆದು ಕಾದಿರುವವರಿಗೂ ಇದು ಹೊಂದುತ್ತದೆ.

1. ಮೊದಲು ಕ್ಯಾಲೆಂಡರ್ ಹಿಡಿಯಿರಿ

ಅನುಮಾನದ ಅರ್ಧ ಭಾಗ ಹುಟ್ಟುವುದು ದಿನಾಂಕ ಗೊತ್ತಿಲ್ಲದ್ದರಿಂದ. ಜನವರಿ 20ಕ್ಕೇ "ಇನ್ನೂ ಏನೂ ಬಂದಿಲ್ಲ" ಎಂದು ಕೊರಗುವವರಿದ್ದಾರೆ. ಅಷ್ಟು ಹೊತ್ತಿಗೆ ಅತ್ತ ಅರ್ಜಿಯನ್ನು ತೆರೆದೇ ಇರಲಿಕ್ಕಿಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಅರ್ಜಿಗಳಿಗೆ ಡಿಸೆಂಬರ್ ತಿಂಗಳೇ ಸಾಮಾನ್ಯವಾಗಿ ಕೊನೆ. ಕ್ರಿಸ್ಮಸ್ ರಜೆ ಕಳೆದು ಜನವರಿಯಲ್ಲಿ ವಿಭಾಗದ ಪ್ರಾಧ್ಯಾಪಕರ ಸಮಿತಿ ಓದಲು ಕೂರುತ್ತದೆ. ಕೆಲವು ವಿಭಾಗಗಳು ಜನವರಿ, ಫೆಬ್ರುವರಿಯಲ್ಲಿ ಸಂದರ್ಶನ ಮಾಡುತ್ತವೆ, ಕೆಲವು ಮಾಡುವುದೇ ಇಲ್ಲ. ಬಹುಪಾಲು ಉತ್ತರಗಳು ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಎಂಎಸ್ (ಸ್ನಾತಕೋತ್ತರ) ಕೋರ್ಸಿನವು ಇನ್ನೂ ತಡ, ಏಪ್ರಿಲ್ ದಾಟಿದರೂ ಆಶ್ಚರ್ಯವಿಲ್ಲ. ಅಲ್ಲಿ ಏಪ್ರಿಲ್ 15ಕ್ಕೆ ವಿಶೇಷ ಮಹತ್ವವಿದೆ. ಅಮೆರಿಕದ ಸ್ನಾತಕೋತ್ತರ ಶಾಲೆಗಳ ಮಂಡಳಿಯ ಒಡಂಬಡಿಕೆಗೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಜೊತೆಗೆ ಸೀಟು ಕೊಟ್ಟಾಗ, ಆ ದಿನಕ್ಕೆ ಮೊದಲೇ ಉತ್ತರ ಕೊಡಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಮೂರು ನಾಲ್ಕು ಕಡೆ ಸಿಕ್ಕವರು ಆ ದಿನದ ತನಕ ಎಲ್ಲವನ್ನೂ ಹಿಡಿದುಕೊಂಡಿರುತ್ತಾರೆ. ಬಿಟ್ಟ ಮೇಲೆ ಕಾಯುವ ಪಟ್ಟಿ ಸರಿಯುತ್ತದೆ. ಏಪ್ರಿಲ್ ಮೂರನೆಯ ವಾರದಲ್ಲಿ ಸೀಟು ಬಂದವರು ಕೊನೆಯ ದರ್ಜೆಯವರೇನೂ ಅಲ್ಲ.

ಜರ್ಮನಿಯ ಲೆಕ್ಕ ಬೇರೆ. ಅಲ್ಲಿ ಚಳಿಗಾಲದ ಸೆಮಿಸ್ಟರಿಗೆ ಅನೇಕ ಕಡೆ ಜುಲೈ 15ರ ತನಕ ಅರ್ಜಿ ಹಾಕಬಹುದು, ಹಾಗಾಗಿ ಉತ್ತರ ಆಗಸ್ಟಿಗೂ ಬರುತ್ತದೆ. ಅಮೆರಿಕಕ್ಕೆ ಹಾಕಿದ ಗೆಳತಿಗೆ ಮಾರ್ಚ್‌ನಲ್ಲಿ ಬಂತು, ಜರ್ಮನಿಗೆ ಹಾಕಿದ ನನಗೆ ಬರಲಿಲ್ಲ ಎಂದು ಅಳುವುದರಲ್ಲಿ ಹುರುಳಿಲ್ಲ.

ನಮ್ಮ ದೇಶದಲ್ಲಿ ಗೇಟ್ ಪರೀಕ್ಷೆ ಫೆಬ್ರುವರಿಯಲ್ಲಿ, ಫಲಿತಾಂಶ ಮಾರ್ಚ್‌ನಲ್ಲಿ. ಅಂಕ ಬಂದ ಮೇಲೂ ಐಐಟಿಗಳ ಎಂಟೆಕ್ ಸೀಟುಗಳು ಕೋಆಪ್ ಎಂಬ ಸಾಮಾನ್ಯ ಪೋರ್ಟಲಿನಲ್ಲಿ ಸುತ್ತು ಸುತ್ತಾಗಿ ಹೊರಬರಲು ಬೇಸಿಗೆಯೆಲ್ಲ ಹಿಡಿಯುತ್ತದೆ. ಎನ್ಐಟಿಗಳಿಗೆ ಸಿಸಿಎಂಟಿ ಎಂಬ ಪ್ರತ್ಯೇಕ ಕೌನ್ಸೆಲಿಂಗ್. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ಎಂಎಸ್ಸಿ ಮಾಡಬೇಕೆಂದಿದ್ದರೆ ಪ್ರವೇಶ ಪ್ರಕಟಣೆ ಹೊರಬೀಳುವ ತನಕ ಮಾಡುವುದು ಏನೂ ಇಲ್ಲ.

ಒಂದು ನೋಟ್‌ಬುಕ್ಕಿನ ಪುಟದಲ್ಲಿ ಹಾಕಿದ ಪ್ರತಿಯೊಂದು ಅರ್ಜಿಯ ಮುಂದೆ ಎರಡು ದಿನಾಂಕ ಬರೆಯಿರಿ: ಉತ್ತರ ಸಾಮಾನ್ಯವಾಗಿ ಬರುವ ಕಾಲ, ಮತ್ತು ಯಾವ ದಿನ ದಾಟಿದ ಮೇಲೆ ವಿಚಾರಿಸಿ ಮೇಲ್ ಬರೆಯಬಹುದು ಎಂಬುದು. ಎರಡನೆಯ ದಿನಾಂಕ ಬರುವ ತನಕ "ಬಂದಿಲ್ಲ" ಎಂಬ ಪದವನ್ನು ಬಳಸಬೇಡಿ, "ಸಮಯವಾಗಿಲ್ಲ" ಎನ್ನಿ. ಹುಡುಗಾಟದಂತೆ ಕಂಡರೂ ಕೆಲಸ ಮಾಡುತ್ತದೆ.

2. ಅರ್ಜಿ ಪೂರ್ಣವಾಗಿದೆಯೇ ನೋಡಿ, ಆಮೇಲೆ ಕೈ ಬಿಡಿ

ಪೋರ್ಟಲಿನಲ್ಲಿ ಒಂದು ಸಲ ಕೂತು ನೋಡಿ. ಮೂರೂ ಶಿಫಾರಸು ಪತ್ರ ತಲುಪಿವೆಯೇ? ಅಂಕಪಟ್ಟಿ ಓದಲು ಬರುವಂತಿದೆಯೇ? ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕ ಅಲ್ಲಿಗೆ ಹೋಗಿದೆಯೇ? ಜರ್ಮನಿಗಾದರೆ ನಮ್ಮ ಓದಿನ ದಾಖಲೆಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಇದೆಯೇ? 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ವೀಸಾಗೆ ಅದನ್ನು ಕೊಡಲೇಬೇಕು, ಕೈಗೆ ಸಿಗಲು ವಾರಗಳು ಹಿಡಿಯುತ್ತವೆ. ಕಾಗದ ಕೊರತೆಯಾದ ಅರ್ಜಿಯನ್ನು ಸಮಿತಿ ಓದದೆಯೇ ಬಿಡಬಹುದು. ಮೇಷ್ಟರು ಪತ್ರ ಹಾಕಿಲ್ಲವೆಂದು ಕಂಡರೆ ಸಂಕೋಚಪಡದೆ ಹೋಗಿ ನೆನಪಿಸಿ. ನಾವು ಬೈಯುವುದಿಲ್ಲ, ಬೈದರೂ ಹಾಕುತ್ತೇವೆ.

ಎಲ್ಲ ಸರಿಯಿದ್ದರೆ ಅಲ್ಲಿಗೆ ಮುಗಿಯಿತು. ಕಳಿಸಿದ ಎಸ್‌ಒಪಿಯನ್ನು ಇನ್ನು ತೆರೆಯಬೇಡಿ. ಈಗ ಓದಿದರೆ ತಪ್ಪು ಸಿಕ್ಕೇ ಸಿಗುತ್ತದೆ, ತಿದ್ದಲು ಮಾತ್ರ ಆಗುವುದಿಲ್ಲ.

3. ಮೌನಕ್ಕೆ ಅರ್ಥ ಕಟ್ಟಬೇಡಿ

ಮಂಡ್ಯ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಹನ್ನೆರಡು ತಿಂಗಳು ತುಂಬಿದ ಕಬ್ಬು ಗದ್ದೆಯಲ್ಲಿ ನಿಂತಿರುತ್ತದೆ, ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ ಬಂದಿರುವುದಿಲ್ಲ. ಕಬ್ಬಿನಲ್ಲಿ ಸಿಹಿ ಇಲ್ಲವೆಂದು ಯಾವ ರೈತನೂ ತಿಳಿಯುವುದಿಲ್ಲ. ಕಾರ್ಖಾನೆ ದಿನಕ್ಕೆ ಅರೆಯುವುದು ಇಷ್ಟೇ, ಸರದಿ ಬರಬೇಕು ಎಂದು ಅವನಿಗೆ ಗೊತ್ತು.

ಪ್ರವೇಶ ಸಮಿತಿಯ ನಿರ್ಧಾರದಲ್ಲೂ ನಿಮಗೆ ಸಂಬಂಧವೇ ಇಲ್ಲದ ಸಂಗತಿಗಳು ಬಹಳ. ಈ ವರ್ಷ ಎಷ್ಟು ಮಂದಿಗೆ ಸ್ಟೈಪೆಂಡ್ ಕೊಡಲು ದುಡ್ಡಿದೆ, ನೀವು ಹೆಸರು ಬರೆದ ಪ್ರಾಧ್ಯಾಪಕರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತಾರೆಯೇ, ಅವರು ಒಂದು ವರ್ಷ ರಜೆ ಹಾಕಿದ್ದಾರೆಯೇ, ಕಳೆದ ವರ್ಷ ಬೇಕಾದ್ದಕ್ಕಿಂತ ಹೆಚ್ಚು ಜನ ಸೇರಿಬಿಟ್ಟರೇ. ಇವುಗಳಲ್ಲಿ ಒಂದೂ ಮೈಸೂರಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಉತ್ತರಗಳೂ ಒಂದೇ ದಿನ ಹೊರಡುವುದಿಲ್ಲ. ಮೊದಲು ಆಯ್ಕೆಯಾದ ಕೆಲವರಿಗೆ, ಅವರು ಬರುವುದಿಲ್ಲವೆಂದರೆ ಮತ್ತೆ ಕೆಲವರಿಗೆ, ನಿರಾಕರಣೆಯ ಮೇಲ್‌ಗಳು ಹಲವು ಕಡೆ ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಅದೇ ವಿಭಾಗಕ್ಕೆ ಹಾಕಿದ ಇನ್ನೊಬ್ಬರಿಗೆ ಬಂದಿದೆ, ನಿಮಗೆ ಬಂದಿಲ್ಲ ಎಂದರೂ ಬಾಗಿಲು ಮುಚ್ಚಿತೆಂದು ಹೇಳಲಾಗದು.

4. ಅನುಮಾನಗಳನ್ನು ಬೇರ್ಪಡಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಹೊತ್ತು ಕೊಟ್ಟು ಮಾಡಿ. "ನನಗೆ ಆತ್ಮವಿಶ್ವಾಸವೇ ಇಲ್ಲ" ಎಂದು ಒಟ್ಟಾಗಿ ಹೇಳಿದರೆ ಅದಕ್ಕೆ ಮದ್ದಿಲ್ಲ. ಮನಸ್ಸಿನಲ್ಲಿ ಓಡುವ ಅನುಮಾನಗಳನ್ನು ಒಂದೊಂದೇ ಪೂರ್ತಿ ವಾಕ್ಯವಾಗಿ ಕಾಗದದ ಮೇಲೆ ಇಳಿಸಿ. ಬರೆಯುವಾಗಲೇ ಕೆಲವು ಅಲ್ಲಿಯೇ ಸಾಯುತ್ತವೆ. ಉಳಿದವುಗಳನ್ನು ಪರಿಶೀಲಿಸಲು ಬರುವವು, ಪರಿಶೀಲಿಸಲು ಬಾರದವು ಎಂದು ಬೇರೆ ಮಾಡಿ.

"ಕನ್ನಡ ಮಾಧ್ಯಮದಲ್ಲಿ ಓದಿದವಳು, ನನ್ನ ಇಂಗ್ಲಿಷ್ ಅಲ್ಲಿ ನಡೆಯುವುದಿಲ್ಲ." ಇದು ನಾನು ಅತಿ ಹೆಚ್ಚು ಕೇಳುವ ಮಾತು. ಮದ್ದೂರು, ಪಾಂಡವಪುರ, ನಾಗಮಂಗಲದ ಶಾಲೆಗಳಿಂದ ಬಂದ ಹುಡುಗಿಯರು ಇದನ್ನು ತಲೆ ತಗ್ಗಿಸಿ ಹೇಳುತ್ತಾರೆ. ಇದು ಪರಿಶೀಲಿಸಲು ಬರುವ ಅನುಮಾನ. ಐಇಎಲ್‌ಟಿಎಸ್ ಬರೆದು ಅವರು ಕೇಳಿದ ಅಂಕ ದಾಟಿದ್ದೀರಾ? ಹಾಗಿದ್ದರೆ ನಿಮ್ಮ ಇಂಗ್ಲಿಷ್ ಸಾಕೋ ಸಾಲದೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಮಾತನಾಡುವಾಗ ನಾಲಿಗೆ ತಡವರಿಸುವುದು ಬೇರೆ ಸಮಸ್ಯೆ, ಅದಕ್ಕೆ ಆಗಸ್ಟಿನ ತನಕ ದಿನಾ ಅರ್ಧ ಗಂಟೆ ಗಟ್ಟಿಯಾಗಿ ಓದಿ, ಓದಿದ್ದನ್ನು ಗೆಳತಿಗೆ ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸ ಸಾಕು.

"ಐಐಟಿಯವರ ಮುಂದೆ ನಮ್ಮ ಕಾಲೇಜಿನ ಹೆಸರು ಯಾರಿಗೆ ಗೊತ್ತು?" ಇದರಲ್ಲಿ ಸ್ವಲ್ಪ ನಿಜವಿದೆ, ಇಲ್ಲವೆಂದು ಸಮಾಧಾನ ಹೇಳುವುದು ಸುಳ್ಳಾದೀತು. ಹೆಸರು ಗೊತ್ತಿರುವ ಕಾಲೇಜಿನ ಅಂಕವನ್ನು ಓದುವವರು ಬೇಗ ನಂಬುತ್ತಾರೆ. ಆದರೆ ಅರ್ಜಿ ಕಳಿಸಿದ ಮೇಲೆ ಕಾಲೇಜಿನ ಹೆಸರು ಬದಲಾಗುವುದಿಲ್ಲ. ಇದನ್ನು ಎರಡನೆಯ ರಾಶಿಗೆ ಹಾಕಿ.

"ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಬರೆದೆ." ನಿಮ್ಮ ಪತ್ರ ಬರೆದ ಮೇಷ್ಟರನ್ನು ನೇರವಾಗಿ ಕೇಳಿ: "ಸಾರ್, ನಾನು ಹಾಕಿದ ಪಟ್ಟಿಯಲ್ಲಿ ನನ್ನ ಅಂಕಕ್ಕೆ ಮೀರಿದ್ದು ಯಾವುದು?" ಅವರು ಹೇಳುವುದು ಹಿತವಾಗದಿರಬಹುದು, ಆದರೆ ಅದು ಖಚಿತ ಮಾತು. ಖಚಿತವಾದ ಕಹಿ ಮಾತು ರಾತ್ರಿ ಎರಡು ಗಂಟೆಯ ಊಹೆಗಿಂತ ಎಷ್ಟೋ ವಾಸಿ.

"ಇಲ್ಲಿಯ ತನಕ ಬಂದಿದ್ದೇ ಅದೃಷ್ಟ, ಒಂದು ದಿನ ಎಲ್ಲರಿಗೂ ನನ್ನ ಬಂಡವಾಳ ತಿಳಿಯುತ್ತದೆ." ಈ ಕೊನೆಯದು ವಿಚಿತ್ರವಾದದ್ದು, ಚೆನ್ನಾಗಿ ಓದುವವರನ್ನೇ ಹಿಡಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ ಇದನ್ನು ವಿವರಿಸಿ ಪ್ರಬಂಧ ಬರೆದರು. ಓದಿನಲ್ಲಿ, ವೃತ್ತಿಯಲ್ಲಿ ಒಳ್ಳೆಯ ಹೆಸರು ಪಡೆದ ಹೆಂಗಸರೇ ತಮ್ಮ ಗೆಲುವಿಗೆ ಅದೃಷ್ಟವೋ ಪರೀಕ್ಷಕರ ತಪ್ಪೋ ಕಾರಣವೆಂದು ಒಳಗೊಳಗೇ ನಂಬಿದ್ದನ್ನು ಅವರು ಕಂಡಿದ್ದರು. ಗಂಡಸರಲ್ಲೂ ಇದು ಇದೆಯೆಂದು ನಂತರದ ಅಧ್ಯಯನಗಳು ತೋರಿಸಿದವು. ಗಮನಿಸಬೇಕಾದ್ದು ಏನೆಂದರೆ, ಪುರಾವೆ ಎಷ್ಟು ತಂದರೂ ಈ ಅನುಮಾನ ತೃಪ್ತವಾಗುವುದಿಲ್ಲ. ಸೀಟು ಸಿಕ್ಕರೂ ಹೋಗುವುದಿಲ್ಲ, "ತಪ್ಪಾಗಿ ಕೊಟ್ಟಿರಬೇಕು" ಎನ್ನುತ್ತದೆ. ಆದ್ದರಿಂದ ಅದರ ಜೊತೆ ವಾದಕ್ಕೆ ಇಳಿಯಬೇಡಿ. ಬಂದಾಗ "ಇದು ಆ ಹಳೆಯ ಮಾತು" ಎಂದು ಗುರುತಿಸಿ ಕೆಲಸ ಮುಂದುವರಿಸಿ.

ಮೊದಲ ರಾಶಿಯ ಒಂದೊಂದಕ್ಕೂ ಮಾಡಬೇಕಾದ ಒಂದು ಕೆಲಸ ಬರೆದುಕೊಳ್ಳಿ. ಎರಡನೆಯ ರಾಶಿಗೆ ಏನೂ ಬರೆಯಬೇಡಿ.

5. ದುಡ್ಡಿನ ಚಿಂತೆಯನ್ನು ದುಡ್ಡಿನ ಚಿಂತೆ ಎಂದೇ ಕರೆಯಿರಿ

"ನಾನು ಅಷ್ಟಕ್ಕೆ ಲಾಯಕ್ಕಲ್ಲ" ಎಂದು ಹೇಳುವ ಎಷ್ಟೋ ಹುಡುಗರನ್ನು ಕೆದಕಿ ಕೇಳಿದರೆ ಒಳಗೆ ಇರುವುದು ಅಪ್ಪನ ಸಾಲ. ಅದು ಯೋಗ್ಯತೆಯ ಪ್ರಶ್ನೆಯೇ ಅಲ್ಲ, ಲೆಕ್ಕದ ಪ್ರಶ್ನೆ. ಕಾಯುವ ತಿಂಗಳುಗಳಲ್ಲೇ ಲೆಕ್ಕ ಹಾಕಿ ಮುಗಿಸಬಹುದು.

ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿಗಳಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ. ಎಂಎಸ್ ಹೆಚ್ಚಾಗಿ ಸ್ವಂತ ಖರ್ಚು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ, ಆದರೆ ವೀಸಾಗೆ ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ಒಂದು ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ಐಐಟಿ, ಐಐಎಸ್‌ಸಿಗಳಲ್ಲಿ ಗೇಟ್ ಮೂಲಕ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಹಾಯಧನ ಸಿಗುವುದು ಬಹುಕಾಲದ ರೂಢಿ.

ಸಾಲ ಬೇಕಾದರೆ ಸೀಟು ಸಿಗುವ ಮೊದಲೇ ಬ್ಯಾಂಕಿನ ಶಾಖೆಗೆ ಒಂದು ಸಲ ಹೋಗಿ ಮಾತಾಡಿ. 7.5 ಲಕ್ಷ ರೂಪಾಯಿಯ ತನಕದ ಶಿಕ್ಷಣ ಸಾಲಕ್ಕೆ ಸರ್ಕಾರದ ಖಾತರಿ ನಿಧಿಯ ಆಸರೆ ಇರುವುದರಿಂದ ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ, ಮೀರಿದರೆ ಹೆಚ್ಚಾಗಿ ಕೇಳುತ್ತಾರೆ. ಮಂಡ್ಯದ ಮನೆಗಳಿಗೆ ಕಷ್ಟ ಬರುವುದು ಇಲ್ಲಿಯೇ. "ಎರಡು ಎಕರೆ ಗದ್ದೆ ಇದೆಯಲ್ಲ, ಪಹಣಿ ಕೊಡುತ್ತೇನೆ" ಎಂದು ಅಪ್ಪ ಹೇಳುತ್ತಾರೆ, ಬ್ಯಾಂಕಿನವರು ಆಗುವುದಿಲ್ಲವೆಂದು ತಲೆಯಾಡಿಸುತ್ತಾರೆ. ಸಾಲ ತೀರದಿದ್ದಾಗ ಬ್ಯಾಂಕು ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಳಸುವ 2002ರ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಹೆಚ್ಚಿನ ಬ್ಯಾಂಕುಗಳು ಮನೆ, ನಿವೇಶನ, ಠೇವಣಿಯನ್ನೇ ಕೇಳುತ್ತವೆ. ಇದು ಜೂನ್‌ನಲ್ಲಿ ತಿಳಿದರೆ ಆಘಾತ, ಫೆಬ್ರುವರಿಯಲ್ಲಿ ತಿಳಿದರೆ ಬೇರೆ ದಾರಿ ಹುಡುಕಲು ಸಮಯವಿರುತ್ತದೆ. ಓದುವ ಅವಧಿಯಲ್ಲಿ ಕಂತು ಕಟ್ಟಬೇಕಾಗಿಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂಬುದನ್ನೂ ಮನೆಯವರಿಗೆ ಬಿಡಿಸಿ ಹೇಳಿ. ಪರಿಶಿಷ್ಟ ಜಾತಿ, ಪಂಗಡದವರು ವಿದೇಶಕ್ಕೆ ಹೋಗುವುದಾದರೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯನ್ನು ವಿಚಾರಿಸಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ತೆಗೆಸಿಡಿ. ಸರ್ವರ್ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು.

6. ಮೊಬೈಲಿಗೆ ಒಂದು ಹೊತ್ತು, ಚಿಂತೆಗೆ ಒಂದು ಹೊತ್ತು

ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 9ಕ್ಕೆ ಕಚೇರಿ ತೆರೆದಾಗ ನಮಗೆ ಸಂಜೆ 7.30, ಸಂಜೆ 5ಕ್ಕೆ ಮುಚ್ಚಿದಾಗ ನಸುಕಿನ 3.30. ಪಶ್ಚಿಮ ಕರಾವಳಿಯದಾದರೆ ಬೆಳಿಗ್ಗೆ 6.30. ಅಂದರೆ ಅಲ್ಲಿಂದ ಬರಬೇಕಾದ್ದು ಹೆಚ್ಚಾಗಿ ನೀವು ನಿದ್ದೆ ಮಾಡಬೇಕಾದ ಹೊತ್ತಿನಲ್ಲೇ ಬರುತ್ತದೆ. ದಿಂಬಿನ ಪಕ್ಕ ಮೊಬೈಲ್ ಇಟ್ಟುಕೊಂಡು ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ನೋಡುವುದರಿಂದ ನಿದ್ದೆ ಹಾಳಾಗುತ್ತದೆಯೇ ಹೊರತು ಮೇಲ್ ಬೇಗ ಬರುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಒಂದು ಸಲ ನೋಡಿ. ಹಗಲಿನಲ್ಲಿ ಮತ್ತೆ ಮತ್ತೆ ನೋಡುವುದಂತೂ ವ್ಯರ್ಥ, ಆಗ ಅಲ್ಲಿ ನಡುರಾತ್ರಿ. ಮೊಬೈಲನ್ನು ರಾತ್ರಿ ನಡುಮನೆಯಲ್ಲಿ ಚಾರ್ಜಿಗೆ ಹಾಕಿ.

ಅರ್ಜಿದಾರರ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿಂದ ಏಪ್ರಿಲ್ ತನಕ ಹೊರಗಿರಿ. ಸಿಕ್ಕವರು ಬರೆಯುತ್ತಾರೆ, ಸಿಗದವರು ಸುಮ್ಮನಿರುತ್ತಾರೆ, ಓದುವವರಿಗೆ ಊರಿಗೆಲ್ಲ ಸಿಕ್ಕಿತು ಎನಿಸುತ್ತದೆ. ಬೇಕಾದ ಮಾಹಿತಿ ಇದ್ದರೆ ಹೇಳು ಎಂದು ಒಬ್ಬ ಗೆಳೆಯನಿಗೆ ಒಪ್ಪಿಸಿ.

ಚಿಂತೆ ಮಾಡಲೇಬೇಡಿ ಎಂದು ಹೇಳುವವರ ಮಾತು ಕೇಳಬೇಡಿ, ಅದು ಆಗುವ ಕೆಲಸವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒಂದು ಉಪಾಯ ನಮಗೆ ಹೆಚ್ಚು ಉಪಯುಕ್ತ: ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗದಲ್ಲಿ ಚಿಂತೆ ಮಾಡುವುದು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡುವುದು. ಸಂಜೆ ಐದೂವರೆಗೆ ತಾರಸಿಯ ಮೇಲಾಗಲಿ ಹಿತ್ತಲಿನ ಕಲ್ಲಿನ ಮೇಲಾಗಲಿ ಕೂತು ಮನಸಾರೆ ಚಿಂತಿಸಿ. ಹಾಸಿಗೆಯ ಮೇಲೆ ಬೇಡ, ಓದುವ ಮೇಜಿನ ಮುಂದೆಯೂ ಬೇಡ. ಮೊದಲ ವಾರ ಮುಂದೂಡಲು ಬರುವುದಿಲ್ಲ, ಬಿಡದೆ ಮಾಡಿ.

7. ಮೈಮರೆಯುವ ಕೆಲಸ ಹಿಡಿಯಿರಿ

ಕಾಯುವುದರ ಬಗ್ಗೆಯೇ ಸಂಶೋಧನೆ ಮಾಡುವವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಕೇಟ್ ಸ್ವೀನಿ ಮತ್ತು ಸಂಗಡಿಗರು ವಕೀಲಿ ಪರೀಕ್ಷೆ ಬರೆದು ಸುಮಾರು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾದವರನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಕಳವಳ ತಗ್ಗಿಸಲು ಅವರು ಮಾಡಿದ ಪ್ರಯತ್ನಗಳು ಹೆಚ್ಚೇನೂ ಫಲ ಕೊಡಲಿಲ್ಲ. ಆದರೆ ಕಳವಳಪಟ್ಟುಕೊಂಡೇ ಕಾದವರು, ನಿಶ್ಚಿಂತೆಯಿಂದ ಕಾದವರಿಗಿಂತ ಕೆಟ್ಟ ಸುದ್ದಿಯನ್ನು ಚೆನ್ನಾಗಿ ಎದುರಿಸಿದರು, ಒಳ್ಳೆಯ ಸುದ್ದಿಗೆ ಹೆಚ್ಚು ಹಿಗ್ಗಿದರು. ಆದ್ದರಿಂದ ನನಗೇಕೆ ಇಷ್ಟು ಚಿಂತೆ ಎಂದು ಮತ್ತೊಂದು ಚಿಂತೆ ಹಚ್ಚಿಕೊಳ್ಳಬೇಕಾಗಿಲ್ಲ. ಅದೇ ತಂಡದ ನಂತರದ ಕೆಲಸ ಇನ್ನೊಂದನ್ನು ತೋರಿಸಿತು: ಹೊತ್ತು ಹೋದದ್ದೇ ತಿಳಿಯದಂತೆ ಮುಳುಗುವ ಕೆಲಸ ಇದ್ದವರಿಗೆ ಕಾಯುವುದು ಹಗುರವಾಗುತ್ತದೆ.

ಸೀರಿಯಲ್ ನೋಡುವುದು ಅಂಥ ಕೆಲಸವಲ್ಲ. ಸ್ವಲ್ಪ ಕಷ್ಟವಿರಬೇಕು, ಮುಂದೆ ಹೋದದ್ದು ಕಣ್ಣಿಗೆ ಕಾಣಬೇಕು, ಸೀಟು ಸಿಕ್ಕರೂ ಸಿಗದಿದ್ದರೂ ವ್ಯರ್ಥವಾಗಬಾರದು. ಕೊನೆಯ ವರ್ಷದ ಪ್ರಾಜೆಕ್ಟನ್ನು ಸರಿಯಾಗಿ ಬರೆದು ಮುಗಿಸುವುದು, ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಗಣಿತ ಹೇಳಿಕೊಡುವುದು, ನಿಮ್ಮ ವಿಷಯದ ಒಂದೇ ಒಂದು ಸಂಶೋಧನಾ ಪ್ರಬಂಧವನ್ನು ಗೆರೆಗೆರೆಯಾಗಿ ಬಿಡಿಸಿ ಓದುವುದು. ಪಾಠ ಹೇಳಿಕೊಡುವುದಕ್ಕೆ ನನ್ನ ಮೊದಲ ಮತ. ಹುಡುಗನಿಗೆ ಸಮಾಕಲನ ಅರ್ಥವಾದಾಗ ನಿಮಗೆ ಏನು ಗೊತ್ತಿದೆ ಎಂಬುದು ನಿಮಗೇ ತಿಳಿಯುತ್ತದೆ.

ದೇಹಕ್ಕೂ ಕೆಲಸ ಬೇಕು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು, ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಮಂಡ್ಯದ ಹಳ್ಳಿಯವರಾದರೆ ನಾಲೆಯ ಏರಿಯೇ ಸಾಕು. ಕಿವಿಗೆ ಇಯರ್‌ಫೋನ್ ಹಾಕದೆ ಹೋಗಿ.

8. ಮನೆಯವರು, ನೆಂಟರು

ನೆಂಟರಿಗೆ ಒಂದು ಸಿದ್ಧ ವಾಕ್ಯ ಇಟ್ಟುಕೊಳ್ಳಿ: "ಅತ್ತೆ, ಉತ್ತರ ಏಪ್ರಿಲ್ ಹೊತ್ತಿಗೆ ಬರುತ್ತದೆ, ಬಂದ ತಕ್ಷಣ ನಾನೇ ಫೋನ್ ಮಾಡುತ್ತೇನೆ." ಅಷ್ಟೇ. ಎಷ್ಟು ಕಡೆ ಹಾಕಿದ್ದೀರಿ, ಯಾವ ಊರು ಎಂಬ ವಿವರ ಕೊಟ್ಟರೆ ಯುಗಾದಿಯ ಹೊತ್ತಿಗೆ ಒಂದೊಂದರ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ.

ಮನೆಯವರ ಜೊತೆ ಮಾತ್ರ ವಿವರವಾಗಿಯೇ ಮಾತಾಡಬೇಕು. ನೋಟ್‌ಬುಕ್ಕಿನ ದಿನಾಂಕದ ಪುಟವನ್ನು ಅಪ್ಪ ಅಮ್ಮನಿಗೆ ತೋರಿಸಿ. ಅವರು ದಿನವೂ ಕೇಳುವುದು ಅಪನಂಬಿಕೆಯಿಂದಲ್ಲ, ಅವರಿಗೂ ದಿನಾಂಕ ಗೊತ್ತಿಲ್ಲ. "ಅಪ್ಪ, ಮಾರ್ಚ್ ಕೊನೆಯ ತನಕ ಕೇಳಬೇಡಿ, ಪ್ರತಿ ಭಾನುವಾರ ನಾನೇ ಹೇಳುತ್ತೇನೆ" ಎಂದರೆ ಬಹುತೇಕ ಅಪ್ಪಂದಿರು ಒಪ್ಪುತ್ತಾರೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಗಡುವು ಇರುತ್ತದೆ, ಅದನ್ನು ಯಾವ ವಿಶ್ವವಿದ್ಯಾಲಯವೂ ಪ್ರಕಟಿಸುವುದಿಲ್ಲ. "ಸೀಟು ಸಿಕ್ಕರೆ ಓದು, ಸಿಗದಿದ್ದರೆ ವೈಶಾಖದಲ್ಲಿ ಗಂಡು ನೋಡೋಣ." ಈ ಮಾತು ನೆತ್ತಿಯ ಮೇಲೆ ತೂಗುತ್ತಿರುವಾಗ ಒಂದು ನಿರಾಕರಣೆಯ ಮೇಲ್ ಬರಿಯ ಮೇಲ್ ಆಗಿರುವುದಿಲ್ಲ. ಆತ್ಮವಿಶ್ವಾಸದ ಪಾಠ ಹೇಳುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನ್ನ ತಕರಾರು. ಈ ಮಾತುಕತೆಯನ್ನು ಫಲಿತಾಂಶ ಬರುವ ಮೊದಲೇ ಮುಗಿಸಿಕೊಳ್ಳಿ. ಈ ವರ್ಷ ಸಿಗದಿದ್ದರೆ ಇನ್ನೊಂದು ವರ್ಷ ಪ್ರಯತ್ನಿಸುತ್ತೇನೆ, ಆ ಅವಧಿಯಲ್ಲಿ ಇಂಥ ಕೆಲಸಕ್ಕೆ ಸೇರುತ್ತೇನೆ ಎಂದು ಖಚಿತವಾಗಿ ಹೇಳಿ. ಒಬ್ಬರೇ ಹೇಳಲು ಕಷ್ಟವಾದರೆ ಓದಿಗೆ ಒಲವಿರುವ ಚಿಕ್ಕಪ್ಪನನ್ನೋ ಶಾಲೆಯ ಹಳೆಯ ಟೀಚರನ್ನೋ ಜೊತೆಗೆ ಕೂರಿಸಿಕೊಳ್ಳಿ. ಮೇಷ್ಟರ ಮಾತಿಗೆ ನಮ್ಮ ಕಡೆಯ ಮನೆಗಳಲ್ಲಿ ಈಗಲೂ ತೂಕವಿದೆ.

9. ಎರಡನೆಯ ದಾರಿಯನ್ನು ಬರೆದಿಡಿ

ಎರಡನೆಯ ದಾರಿ ಯೋಚಿಸಿದರೆ ಅಪಶಕುನ ಎಂದು ಕೆಲವರು ಭಾವಿಸುತ್ತಾರೆ. ನನ್ನ ಅನುಭವ ತದ್ವಿರುದ್ಧ: ಕಾಗದದ ಮೇಲೆ ಎರಡನೆಯ ದಾರಿ ಇರುವವರೇ ಸಂದರ್ಶನದಲ್ಲಿ ಕೈ ನಡುಗದೆ ಮಾತಾಡುತ್ತಾರೆ. ಗೇಟ್ ಅಂಕ ಮೂರು ವರ್ಷ, ವಿದೇಶಿ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಐದು ವರ್ಷ, ಟೋಫೆಲ್, ಐಇಎಲ್‌ಟಿಎಸ್ ಎರಡು ವರ್ಷ ನಡೆಯುತ್ತವೆ. ಜಾಮ್ ಅಂಕ ಆ ವರ್ಷಕ್ಕೆ ಮಾತ್ರ. ಪದವೀಧರರಿಗೆ ಪ್ರಾಜೆಕ್ಟ್ ಸಹಾಯಕರ ತಾತ್ಕಾಲಿಕ ಹುದ್ದೆಗಳನ್ನು ಸಂಶೋಧನಾ ಸಂಸ್ಥೆಗಳು ಆಗಾಗ ಕರೆಯುತ್ತವೆ. ಮೈಸೂರಿನಲ್ಲೇ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಇದೆ. ಇವುಗಳ ಜಾಲತಾಣವನ್ನು ವಾರಕ್ಕೊಮ್ಮೆ ನೋಡಿ. ಒಂದು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರ ಮುಂದಿನ ಅರ್ಜಿ ಮೊದಲಿನದಕ್ಕಿಂತ ಗಟ್ಟಿಯಾಗಿರುತ್ತದೆ.

ಇದೇ ಹೊತ್ತಿನಲ್ಲಿ "ಸೀಟು ಗ್ಯಾರಂಟಿ" ಎನ್ನುವ ಏಜೆಂಟರು ಫೋನ್ ಮಾಡುತ್ತಾರೆ. ಮನಸ್ಸು ಅಳುಕಿರುವಾಗ ಮುಂಗಡ ಕಟ್ಟಬೇಡಿ. ವಾಪಸು ಬಾರದ ಹಣ ಎಂದು ಎಲ್ಲಿ ಬರೆದಿದ್ದರೂ ಒಂದು ರಾತ್ರಿ ಮಲಗೆದ್ದು ತೀರ್ಮಾನಿಸಿ.

10. ಚಿಂತೆ ಮೀರಿದರೆ

ಎರಡು ವಾರ ಮೇಲ್ಪಟ್ಟು ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ ಮೇಲಿನ ಯಾವ ಉಪಾಯವೂ ಸಾಲದು, ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಅಂದೇ ಹತ್ತಿರದವರೊಬ್ಬರಿಗೆ ಹೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ.

11. ಉತ್ತರ ಬಂದ ದಿನ

ನಿರಾಕರಣೆಯಾದರೆ ಅಂದು ಯಾರಿಗೂ ಮೇಲ್ ಬರೆಯಬೇಡಿ. ಕಾರಣ ಕೇಳಿ ಬರೆದರೆ ವಿವರವಾದ ಉತ್ತರ ಬರುವುದು ಅಪರೂಪ. ಕಾಯುವ ಪಟ್ಟಿಯಾದರೆ ಒಂದೇ ಒಂದು ಚಿಕ್ಕ ಮೇಲ್ ಕಳಿಸಿ: ಇನ್ನೂ ಆಸಕ್ತಿ ಇದೆ, ಅರ್ಜಿ ಹಾಕಿದ ಮೇಲೆ ಪ್ರಾಜೆಕ್ಟಿನಲ್ಲಿ ಇಷ್ಟು ಮುಂದುವರಿದಿದೆ. ವಾರಕ್ಕೊಂದು ಕಳಿಸಿದರೆ ಕೆಲಸ ಕೆಡುತ್ತದೆ. ಸೀಟೇ ಸಿಕ್ಕಿದರೆ ಪತ್ರದಲ್ಲಿ ಧನಸಹಾಯ ಎಷ್ಟು ವರ್ಷಕ್ಕೆ, ಯಾವ ಷರತ್ತಿಗೆ ಎಂಬುದನ್ನು ಹಿಗ್ಗು ಇಳಿದ ಮೇಲೆ ಮತ್ತೊಮ್ಮೆ ಓದಿ. ಒಪ್ಪದ ಸೀಟುಗಳನ್ನು ಬೇಗ ಬಿಟ್ಟುಕೊಡಿ, ಅಲ್ಲೊಬ್ಬರು ಕಾಯುವ ಪಟ್ಟಿಯಲ್ಲಿ ನಿಮ್ಮ ಹಾಗೆಯೇ ಮೊಬೈಲ್ ನೋಡುತ್ತಿರುತ್ತಾರೆ. ಕೋಆಪ್‌ನಲ್ಲಿ ಮಾತ್ರ ಈ ಅವಸರ ಬೇಡ. ಬಂದ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವ ಆಯ್ಕೆ ಅಲ್ಲಿದೆ, ಆ ವರ್ಷದ ನಿಯಮಗಳನ್ನು ಓದಿಕೊಂಡು ಬಳಸಿ.

ಮತ್ತೆ, ಪತ್ರ ಬರೆದುಕೊಟ್ಟ ಮೇಷ್ಟರಿಗೆ ತಿಳಿಸಿ. ಸಿಕ್ಕವರು ಪೇಡ ಹಿಡಿದು ಬರುತ್ತಾರೆ, ಸಿಗದವರು ಕಾರಿಡಾರಿನಲ್ಲಿ ಕಂಡರೆ ದಾರಿ ಬದಲಿಸುತ್ತಾರೆ. ಎಲ್ಲಿ ಆಗಲಿಲ್ಲ ಎಂಬುದು ಗೊತ್ತಾದರೆ ಮುಂದಿನ ವರ್ಷ ನಿಮ್ಮ ಪಟ್ಟಿಯನ್ನೂ ನಮ್ಮ ಪತ್ರವನ್ನೂ ತಿದ್ದಲು ಸಾಧ್ಯ. ಆಗಸ್ಟಿನಲ್ಲಿ ಬನ್ನಿ, ನವೆಂಬರ್ ಕೊನೆಯ ವಾರದಲ್ಲಿ ಬೇಡ.